ಕಣದ ಮೇಟಿಯೂ ದಾರದ ವಿಮಾನವೂ

ಬೆಂಗಳೂರಿಗೆ ವಿಮಾನಗಳ ಊರೆಂಬ ಹೆಸರು ಬಂದು ಎಂಟು ದಶಕಗಳ ಮೇಲಾಯಿತು. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ ಇಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನಶಾಸ್ತ್ರದ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಡಾ. ವಿ. ಎಂ. ಘಾಟಗೆಯವರು ಮುಂದೆ ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. ಜರ್ಮನಿಯ ಕುರ್ಟ್ ಟಾಂಕರ ಮಾರ್ಗದರ್ಶನದಲ್ಲಿ ತಯಾರಾದ ಮಾರುತ್ ಜೆಟ್ 1961ರ ಜೂನ್ 17ರಂದು ಹಾರಿತು. ಇದು ಬಲ್ಲವರೆಲ್ಲ ಬಲ್ಲ ಚರಿತ್ರೆ. ಇದನ್ನು ಮತ್ತೆ ಹೇಳುವ ಉದ್ದೇಶ ನನಗಿಲ್ಲ.

ಆದರೆ ಈ ಚರಿತ್ರೆಯಲ್ಲಿ ಊರಿನ ಪಶ್ಚಿಮದ ಮಾತು ಎಲ್ಲಿಯೂ ಬಾರದೆಂಬುದನ್ನು ವಾಚಕರು ಗಮನಿಸಿರಬಹುದು. ವಿಮಾನದ ಕಾರ್ಖಾನೆ ಪೂರ್ವಕ್ಕೆ ಹೋಯಿತು, ವಿಜ್ಞಾನ ಉತ್ತರದಲ್ಲಿ ನೆಲೆಸಿತು, ಹಾರಾಟ ಕಲಿಸುವ ಶಾಲೆ ಜಕ್ಕೂರಿನ ಪಾಲಾಯಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕೈಗಾರಿಕಾ ಉಪನಗರವಾಗಿ ಹುಟ್ಟಿ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತ ನಮ್ಮ ರಾಜಾಜಿನಗರಕ್ಕೆ ದಕ್ಕಿದ್ದು ಲೇತು, ವಿದ್ಯುತ್ ಮೋಟಾರು ಮತ್ತು ಗಂಧದ ಸಾಬೂನು. ಗಾಳಿ ನಮ್ಮ ಕಡೆ ತಿರುಗಿದ ದಿನ ಸಾಬೂನಿನ ಕಾರ್ಖಾನೆಯ ಪರಿಮಳ ಬೀದಿಬೀದಿಗೂ ಬರುತ್ತಿತ್ತು. ಆಕಾಶದೊಡನೆ ನಮ್ಮ ವ್ಯವಹಾರ ಆಷಾಢದ ಗಾಳಿಪಟಕ್ಕೆ ಮುಗಿಯುತ್ತಿತ್ತು.

ಹೀಗಿದ್ದರೂ ಪಶ್ಚಿಮದಲ್ಲಿ ವಿಮಾನ ಹಾರಲಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 1967ರ ಫೆಬ್ರವರಿಯ ಒಂದು ಬೆಳಿಗ್ಗೆ, ಸಾಣೆಗುರುವನಹಳ್ಳಿಯ ಮಗ್ಗುಲಿನ ಒಂದು ರಾಗಿಯ ಕಣದಿಂದ, ಎರಡಡಿ ರೆಕ್ಕೆಯ, 300 ಗ್ರಾಂ ತೂಕದ ಒಂದು ವಿಮಾನ ನೆಲ ಬಿಟ್ಟೆದ್ದಿತು. ಅದರ ಎಡರೆಕ್ಕೆಯಿಂದ ಹೊರಟ ಎರಡು ಉಕ್ಕಿನ ತಂತಿಗಳ ಇನ್ನೊಂದು ಕೊನೆ ನನ್ನ ಕೈಯಲ್ಲಿತ್ತು. ಆಗ ನನಗೆ ಹದಿನೈದು ವರ್ಷ. ಕಂಟ್ರೋಲ್ ಲೈನ್ ವಿಮಾನವೆಂದು ಅದರ ಹೆಸರು. ನಮ್ಮ ಬೀದಿಯಲ್ಲಿ ಎಲ್ಲರೂ ಅದನ್ನು ದಾರದ ವಿಮಾನ ಎನ್ನುತ್ತಿದ್ದರು.

ದಾರ ಕಟ್ಟಿದ ಮೇಲೆ ಅದೆಂಥ ವಿಮಾನ ಎಂದು ಆಗ ಹಲವರು ನಕ್ಕರು. ಅವರಿಗೆ ಕೊಡಬೇಕಾಗಿದ್ದ ಉತ್ತರ ನನಗೆ ಬಹಳ ವರ್ಷಗಳ ಮೇಲೆ, ಪುಸ್ತಕಗಳನ್ನು ಓದುವಾಗ ದೊರೆಯಿತು. ಮನುಷ್ಯ ಹಾರುವುದನ್ನು ಕಲಿತದ್ದೇ ಕಟ್ಟು ಹಾಕಿಕೊಂಡು. 1804ರಲ್ಲಿ ಇಂಗ್ಲೆಂಡಿನ ಸರ್ ಜಾರ್ಜ್ ಕೇಲಿ ಒಂದು ಕಂಬಕ್ಕೆ ಅಡ್ಡತೋಳು ಹೂಡಿ, ತೋಳಿನ ತುದಿಗೆ ರೆಕ್ಕೆಯ ತುಂಡನ್ನು ಕಟ್ಟಿ, ಗರಗರನೆ ಸುತ್ತಿಸಿ, ಗಾಳಿ ಅದನ್ನು ಎಷ್ಟು ಬಲದಿಂದ ಎತ್ತುತ್ತದೆಂದು ಅಳೆದನು. 1879ರಲ್ಲಿ ಫ್ರಾನ್ಸಿನ ವಿಕ್ಟರ್ ತಾತೆನ್ ಎರಡು ಕಿಲೋಗೂ ಕಡಿಮೆ ತೂಕದ, ಒತ್ತಿದ ಗಾಳಿಯಿಂದ ನಡೆಯುವ ವಿಮಾನವೊಂದನ್ನು ಮಾಡಿ, ಸುಮಾರು 14 ಮೀಟರ್ ಅಡ್ಡಳತೆಯ ಹಲಗೆಯ ವೃತ್ತದ ಮೇಲೆ ಓಡಿಸಿದನು. ನಡುವಿನ ಗೂಟಕ್ಕೆ ಅದನ್ನು ಹಗ್ಗದಿಂದ ಕಟ್ಟಿತ್ತು. ಓಡುತ್ತ ಓಡುತ್ತ ಅದು ಹಲಗೆ ಬಿಟ್ಟು ಮೇಲೆದ್ದಿತು. ರೈಟ್ ಸಹೋದರರು 1900ರಲ್ಲಿ ತಮ್ಮ ಮೊದಲನೆಯ ಗ್ಲೈಡರನ್ನು ಹಾರಿಸಿದ್ದು ಬಹುಮಟ್ಟಿಗೆ ಗಾಳಿಪಟದಂತೆ, ಕೆಳಗೆ ನಿಂತು ಹಗ್ಗ ಹಿಡಿದು.

ಬೆಂಗಳೂರಿನ ಮಾರುತ್ ಕೂಡ ಈ ನಿಯಮಕ್ಕೆ ಹೊರತಲ್ಲ. ಆ ಜೆಟ್ ವಿಮಾನಕ್ಕೆ ಲೋಹದ ಮೈ ಬರುವ ಮುಂಚೆ, ಅದೇ ಆಕಾರದ, ಅದೇ ಅಳತೆಯ ಮರದ ಗ್ಲೈಡರೊಂದನ್ನು ಇಲ್ಲಿಯೇ ಕಟ್ಟಿದರು. ಎಕ್ಸ್-241 ಎಂದು ಅದರ ಹೆಸರು. ಅದಕ್ಕೆ ಎಂಜಿನ್ ಇರಲಿಲ್ಲ. 1959ರಿಂದ ಒಂದು ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಆಕಾಶಕ್ಕೆ ಎಳೆದುಕೊಂಡು ಹೋಗಿ ಬಿಡುತ್ತಿತ್ತು. ಹೀಗೆ ಎಂಬತ್ತಕ್ಕೂ ಹೆಚ್ಚು ಸಲ ಹಾರಿಸಿ, ಗುಣದೋಷಗಳನ್ನು ತಿಳಿದುಕೊಂಡ ಮೇಲೆ ಜೆಟ್ಟಿನ ಸರದಿ ಬಂತು.

ಇನ್ನು ನಮ್ಮ ದಾರದ ವಿಮಾನದ ವಂಶಾವಳಿ. ಅದು ಹುಟ್ಟಿದ್ದು ಅಮೆರಿಕದ ಆರೆಗಾನ್ ಪ್ರಾಂತದಲ್ಲಿ. ಓಬಾ ಸೇಂಟ್ ಕ್ಲೇರ್ ಎಂಬಾತ 1937ರ ಹೊತ್ತಿಗೆ ತಂತಿಗಳಿಂದ ಹಿಡಿತದಲ್ಲಿಟ್ಟುಕೊಂಡ ವಿಮಾನವೊಂದನ್ನು ತನ್ನ ಸುತ್ತ ಹಾರಿಸಿದ್ದನು. ಅದೇ ಪ್ರಾಂತದ ಜಿಮ್ ವಾಕರ್ ಜಾಣ ವ್ಯಾಪಾರಿ. 1940ರ ಸುಮಾರಿಗೆ 'ಫೈರ್‌ಬಾಲ್' ಎಂಬ ವಿಮಾನವನ್ನು ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿ, 1942ರಲ್ಲಿ ಈ ಉಪಾಯಕ್ಕೆ ಪೇಟೆಂಟನ್ನೂ ಪಡೆದನು. ಎರಡು ಕೈಗಳಲ್ಲಿ ಎರಡು, ತಲೆಗೆ ಕಟ್ಟಿದ ಹಿಡಿಯಲ್ಲಿ ಒಂದು, ಹೀಗೆ ಒಟ್ಟಿಗೆ ಮೂರು ವಿಮಾನಗಳನ್ನು ಹಾರಿಸಿ ಜನರನ್ನು ಬೆರಗುಗೊಳಿಸುತ್ತಿದ್ದ ಮನುಷ್ಯ ಅವನು. ಕೊನೆಗೆ ಎಲ್. ಎಂ. ಕಾಕ್ಸ್ ಎಂಬ ಇನ್ನೊಬ್ಬ ತಯಾರಕನ ಮೇಲೆ ಅವನು ಹೂಡಿದ ಮೊಕದ್ದಮೆಯಲ್ಲಿ ಸೇಂಟ್ ಕ್ಲೇರ್ ಬಂದು ಸಾಕ್ಷಿ ಹೇಳಿದನು. ಅವನದೇ ಮೊದಲಿನದೆಂದು ಒಪ್ಪಿ ನ್ಯಾಯಾಲಯ 1955ರಲ್ಲಿ ವಾಕರನ ಪೇಟೆಂಟನ್ನು ತಳ್ಳಿಹಾಕಿತು. ಅಷ್ಟರಲ್ಲಿ ಆ ತಂತಿ ಪ್ರಪಂಚವನ್ನೆಲ್ಲ ಸುತ್ತಿಯಾಗಿತ್ತು. 1960ರಲ್ಲಿ ಬುಡಾಪೆಸ್ಟಿನಲ್ಲಿ ಇದಕ್ಕೆ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ನಮ್ಮ ದೇಶದಲ್ಲಿ ಎನ್‌.ಸಿ.ಸಿ.ಯ ವಾಯುದಳ 1950ರ ಏಪ್ರಿಲಿನಲ್ಲಿ ಬೊಂಬಾಯಿ ಮತ್ತು ಕಲ್ಕತ್ತೆಗಳಲ್ಲಿ ಆರಂಭವಾಯಿತು. ಮಾದರಿ ವಿಮಾನ ಕಟ್ಟುವುದು ಅದರ ಕೆಡೆಟ್ಟುಗಳ ಪಾಠಗಳಲ್ಲಿ ಒಂದಾಯಿತು.

ನನಗೆ ಇದರ ಹುಚ್ಚು ಹಿಡಿಸಿದವರು ನಮ್ಮ ಚಿಕ್ಕಪ್ಪ. ಅವರು ವಿಮಾನ ಕಾರ್ಖಾನೆಯಲ್ಲಿ ಮರಗೆಲಸದವರು. ಬೆಳಗಿನ ಜಾವ ರಾಜಾಜಿನಗರದಿಂದ ಬಸ್ಸು ಹತ್ತಿ ಊರಿನ ಆ ಕೊನೆಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಹಿಂತಿರುಗುತ್ತಿದ್ದರು. ಮಾತು ಕಡಿಮೆ, ಆಡಿದ ಮಾತು ಮಾತ್ರ ತಲೆಯಲ್ಲಿ ಉಳಿಯುತ್ತಿತ್ತು.

ಅವರನ್ನು ಕೇಳದೆಯೇ ನಾನು ನನ್ನ ಮೊದಲ ವಿಮಾನವನ್ನು ಕಟ್ಟಿದೆ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯನ್ನು ಸೀಳಿ, ಉಜ್ಜಿ, ಕೀಲುಕೀಲಿಗೂ ಧಾರಾಳವಾಗಿ ಅಂಟು ಬಳಿದು, ಮೇಲೆ ಎರಡು ಸಲ ಬಣ್ಣ ಹೊಡೆದೆ. ನೋಡಲು ಬಹಳ ಚೆನ್ನಾಗಿತ್ತು. ಚಿಕ್ಕಪ್ಪ ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ತೂಗಿದಂತೆ ಮಾಡಿ, ಏನೂ ಹೇಳದೆ ಬೀದಿಯ ಕೊನೆಯ ದಿನಸಿ ಅಂಗಡಿಗೆ ಕರೆದುಕೊಂಡು ಹೋದರು. ಶೆಟ್ಟರು ಬೆಲ್ಲ ತೂಗುವ ತಕ್ಕಡಿಯಲ್ಲಿ ಅದನ್ನಿಟ್ಟರು. 520 ಗ್ರಾಂ.

"ನಿನ್ನ ನಕ್ಷೆಯಲ್ಲಿ ಎಷ್ಟು ಅಂತ ಇದೆ?" ಎಂದರು ಚಿಕ್ಕಪ್ಪ.

"ಮುನ್ನೂರು, ಚಿಕ್ಕಪ್ಪ."

"ಅಂಟು ಹೆಚ್ಚು ಹಾಕಿದರೆ ಗಟ್ಟಿ ಅಂತ ತಿಳಿದವನು ಮಂಚ ಮಾಡಬಹುದಪ್ಪ, ವಿಮಾನ ಮಾಡೋಕಾಗಲ್ಲ."

ಆ ವಿಮಾನ ಹಾರಲಿಲ್ಲ. ಏಕೆಂದು ಲೆಕ್ಕ ಹಾಕುವುದನ್ನು ನಾನು ಕಾಲೇಜಿನಲ್ಲಿ ಕಲಿತೆ. ರೆಕ್ಕೆ ಅಷ್ಟೇ ಇದ್ದು ತೂಕ 300ರಿಂದ 520 ಗ್ರಾಂಗೆ ಏರಿದರೆ, ನೆಲ ಬಿಟ್ಟು ನಿಲ್ಲಲು ಬೇಕಾದ ಕನಿಷ್ಠ ವೇಗ ಮೂರನೆಯ ಒಂದು ಪಾಲಿನಷ್ಟು ಹೆಚ್ಚಾಗಬೇಕು. ಪುಟ್ಟ ಎಂಜಿನ್ನಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಅದರ ಮೇಲೆ ನಮ್ಮ ಊರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿದೆ. ಮದರಾಸಿನ ಗಾಳಿಗಿಂತ ಇಲ್ಲಿನ ಗಾಳಿ ನೂರಕ್ಕೆ ಎಂಟೊಂಬತ್ತು ಪಾಲು ತೆಳು. ಸೆಕೆಗಾಲದಲ್ಲಿ ನಮಗೆ ಹಿತವಾದ ಈ ಎತ್ತರ ರೆಕ್ಕೆಗೂ ಎಂಜಿನ್ನಿಗೂ ಹಿತವಲ್ಲ. ಬೆಂಗಳೂರಿನಲ್ಲಿ ವಿಮಾನ ಕಟ್ಟುವವನು ಬೇರೆಯವರಿಗಿಂತ ಒಂದು ಗುಲಗಂಜಿಯಷ್ಟಾದರೂ ಹೆಚ್ಚು ಜಿಪುಣನಾಗಬೇಕು.

ಎರಡನೆಯ ವಿಮಾನಕ್ಕೆ ಬಾಲ್ಸಾ ಮರ ಬಂತು. ದಕ್ಷಿಣ ಅಮೆರಿಕದ ಎಕ್ವಡಾರಿನಲ್ಲಿ ಹೇರಳವಾಗಿ ಬೆಳೆಯುವ ಮರ ಇದು. ಐದಾರು ವರ್ಷಗಳಲ್ಲೇ ಕಡಿಯುವಷ್ಟು ಬೆಳೆದುಬಿಡುತ್ತದೆ. ಆ ಅವಸರದಲ್ಲಿ ಬೆಳೆದುದರಿಂದಲೇ ಅಷ್ಟು ಹಗುರ. ಸ್ಪ್ಯಾನಿಷ್ ಭಾಷೆಯಲ್ಲಿ ಬಾಲ್ಸಾ ಎಂದರೆ ತೆಪ್ಪ. 1947ರಲ್ಲಿ ಕಾನ್-ಟಿಕಿ ಎಂಬ ತೆಪ್ಪ ಶಾಂತಸಾಗರವನ್ನು ದಾಟಿದ್ದು ಈ ಮರದ ದಿಮ್ಮಿಗಳ ಮೇಲೆಯೇ. ಎರಡನೆಯ ಮಹಾಯುದ್ಧದ ಮಾಸ್ಕಿಟೋ ಎಂಬ ಬ್ರಿಟಿಷ್ ಬಾಂಬರಿನ ಮೈಯಲ್ಲಿಯೂ ಎರಡು ತೆಳು ಹಲಗೆಗಳ ನಡುವೆ ಬಾಲ್ಸಾ ತುಂಬಿತ್ತು. ವಿದೇಶಿ ವಿನಿಮಯದ ಮುಗ್ಗಟ್ಟಿನ ಆ ದಿನಗಳಲ್ಲಿ ಹೊರದೇಶದ ಮರ ಸಿಕ್ಕುವುದೇ ಕಷ್ಟ. ಕಲ್ಕತ್ತೆಯ ಅಂಗಡಿಯೊಂದರಿಂದ ವಿ.ಪಿ. ಅಂಚೆಯಲ್ಲಿ ನಾಲ್ಕು ಹಾಳೆ ತರಿಸಿಕೊಳ್ಳಲು ನಾನು ಒಂದು ವರ್ಷದ ಜಾತ್ರೆಯ ಕಾಸನ್ನು ಕೂಡಿಡಬೇಕಾಯಿತು.

ಹಾಳೆಗಳು ಬಂದ ದಿನವೂ ಚಿಕ್ಕಪ್ಪನ ಪಾಠ ತಕ್ಕಡಿಯದೇ. ಮೂರಡಿ ಉದ್ದ, ಮೂರಂಗುಲ ಅಗಲ, ಒಂದಂಗುಲದ ಹದಿನಾರನೆಯ ಒಂದು ಭಾಗ ದಪ್ಪ. ಅಳತೆಯಲ್ಲಿ ಎಲ್ಲ ಹಾಳೆಗಳೂ ಒಂದೇ. ಆದರೆ ಒಂದು 13 ಗ್ರಾಂ ತೂಗಿತು, ಇನ್ನೊಂದು 22. ಅದೇ ಅಳತೆಯ ತೇಗದ ಹಾಳೆಯಾಗಿದ್ದರೆ 70 ಗ್ರಾಂ ದಾಟುತ್ತಿತ್ತು. ಭಾರದ ಹಾಳೆ ರೆಕ್ಕೆಯ ಉದ್ದದ ತೊಲೆಗೆ, ಹಗುರದ ಹಾಳೆ ಪಕ್ಕೆಲುಬುಗಳಿಗೆ ಮತ್ತು ಬಾಲಕ್ಕೆ. ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಅದನ್ನು ಸರಿದೂಗಿಸಲು ಮೂಗಿನಲ್ಲಿ ಎರಡು ಮೂರು ಗ್ರಾಂ ಸೀಸ ಸೇರಿಸಬೇಕಾಗುತ್ತದೆ. ಆದ್ದರಿಂದ ಹಿಂಭಾಗದಲ್ಲಿ ಉಳಿಸಿದ ಒಂದು ಗ್ರಾಂ ಮೂರು ನಾಲ್ಕು ಗ್ರಾಮಿಗೆ ಸಮ. ಮರದ ಮೇಲೆ ಒಂದು ಗೆರೆ ಎಳೆಯುವ ಮುಂಚೆ ಅದನ್ನು ತೂಗಬೇಕೆಂಬ ಈ ಅಭ್ಯಾಸ, ಮುಂದೆ ನಾನು ಬೇರೆ ಉದ್ಯೋಗ ಹಿಡಿದ ಮೇಲೂ ನನ್ನನ್ನು ಬಿಡಲಿಲ್ಲ.

ಪಕ್ಕೆಲುಬುಗಳನ್ನು ಬ್ಲೇಡಿನಿಂದ ಕತ್ತರಿಸಿ, ಗುಂಡುಸೂಜಿಗಳಿಂದ ನಕ್ಷೆಯ ಮೇಲೆ ನಿಲ್ಲಿಸಿ, ಕೀಲಿಗೊಂದು ಸಾಸಿವೆಯಷ್ಟು ಅಂಟು ಇಟ್ಟೆವು. ಮೇಲುಹೊದಿಕೆಗೆ ಗಾಳಿಪಟದ ತೆಳು ಕಾಗದ. ಅಂಟಿಸಿದ ಮೇಲೆ ಸಡಿಲವಾಗಿ ನೆರಿಗೆ ನೆರಿಗೆಯಾಗಿದ್ದ ಕಾಗದದ ಮೇಲೆ ನೀರು ಸಿಂಪಡಿಸಿ ಒಣಗಿಸಿದರೆ ಅದು ತಮಟೆಯ ಚರ್ಮದಂತೆ ಬಿಗಿಯುತ್ತದೆ. ಅದರ ಮೇಲೆ ಡೋಪ್ ಎಂಬ ವಾರ್ನಿಷನ್ನು ತೆಳ್ಳಗೆ ಬಳಿದಾಗ ಮನೆಯೆಲ್ಲ ಘಾಟು. ಅಜ್ಜಿ ಮೂಗಿಗೆ ಸೆರಗು ಹಿಡಿದು ಹಿತ್ತಲಿಗೆ ಹೊರಟುಬಿಡುತ್ತಿದ್ದರು.

ಈ ವಿಮಾನದ ಪ್ರಾಣವಿರುವುದು ರೆಕ್ಕೆಯ ನಡುವೆ ಕೂರುವ ಒಂದು ತ್ರಿಕೋಣದ ತಗಡಿನಲ್ಲಿ. ಬೆಲ್‌ಕ್ರ್ಯಾಂಕ್ ಎಂದು ಅದನ್ನು ಕರೆಯುತ್ತಾರೆ. ನಮ್ಮದನ್ನು ಹಳೆಯ ಅಲ್ಯೂಮಿನಿಯಂ ಮುಚ್ಚಳದಿಂದ ಕತ್ತರಿಸಿದ್ದೆವು. ಒಂದು ಮೊಳೆಯ ಮೇಲೆ ಅದು ತಿರುಗುತ್ತದೆ. ಅದರ ಎರಡು ಮೂಲೆಗಳಿಂದ ಹೊರಟ ಎರಡು ತಂತಿಗಳು ಎಡರೆಕ್ಕೆಯ ತುದಿಯಿಂದ ಹೊರಬಿದ್ದು ಹಾರಿಸುವವನ ಕೈಹಿಡಿಗೆ ಬರುತ್ತವೆ. ಮೂರನೆಯ ಮೂಲೆಯಿಂದ ಒಂದು ಕಡ್ಡಿ ಬಾಲದ ಅಡ್ಡರೆಕ್ಕೆಯ ಹಿಂಬದಿಯಲ್ಲಿ ಆಡುವ ಪಟ್ಟಿಗೆ ಹೋಗುತ್ತದೆ. ಕೈಹಿಡಿಯನ್ನು ಮೇಲಕ್ಕೆ ಓರೆ ಮಾಡಿದರೆ ಒಂದು ತಂತಿ ಎಳೆದುಕೊಂಡು ಇನ್ನೊಂದು ಸಡಿಲವಾಗಿ ಪಟ್ಟಿ ಮೇಲೇಳುತ್ತದೆ, ವಿಮಾನ ಏರುತ್ತದೆ. ಕೆಳಕ್ಕೆ ಓರೆ ಮಾಡಿದರೆ ಇಳಿಯುತ್ತದೆ. ಎಡ ಬಲಗಳ ಪ್ರಶ್ನೆಯೇ ಇಲ್ಲ. ಆ ಕೆಲಸವನ್ನು ದಾರವೇ ನೋಡಿಕೊಳ್ಳುತ್ತದೆ.

ಹಾಗಾದರೆ ದಾರವನ್ನು ಬಿಗಿಯಾಗಿ ಇಡುವುದು ಯಾವುದು? ಗಾಳಿಪಟದ ದಾರವನ್ನು ಬೀಸುವ ಗಾಳಿ ಬಿಗಿಯುತ್ತದೆ. ಇಲ್ಲಿ ವಿಮಾನದ ವೇಗವೇ ಬಿಗಿಯಬೇಕು. ಕವಣೆ ಬೀಸಿದ ಹುಡುಗರಿಗೆಲ್ಲ ಗೊತ್ತಿರುವ ಸಂಗತಿ ಇದು. 35 ಅಡಿ ತಂತಿಯ ಕೊನೆಯಲ್ಲಿ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಸುತ್ತುವ ವಿಮಾನ ತನ್ನ ತೂಕದ ನಾಲ್ಕು ಪಟ್ಟಿಗೆ ತುಸು ಕಡಿಮೆ ಬಲದಿಂದ ಕೈಯನ್ನು ಎಳೆಯುತ್ತದೆ. 300 ಗ್ರಾಮಿನ ವಿಮಾನಕ್ಕೆ ಇದು ಒಂದು ಕಿಲೋಗೂ ಸ್ವಲ್ಪ ಹೆಚ್ಚು. ವೇಗ ಅರ್ಧಕ್ಕೆ ಇಳಿದರೆ ಎಳೆತ ಕಾಲುಭಾಗಕ್ಕೆ ಇಳಿಯುತ್ತದೆ; ತಂತಿ ಜೋಲುತ್ತದೆ; ಜೋತ ತಂತಿಯಲ್ಲಿ ಯಾವ ಆಜ್ಞೆಯೂ ಸಾಗದು. ಅದಕ್ಕಾಗಿ ಎಂಜಿನ್ನನ್ನೂ ಬಾಲದ ಚುಕ್ಕಾಣಿಯನ್ನೂ ವೃತ್ತದ ಹೊರಕ್ಕೆ ಕೊಂಚ ತಿರುಗಿಸಿ ಕೂರಿಸಬೇಕು, ತಂತಿಯ ಭಾರ ಸರಿದೂಗಲು ಹೊರಗಿನ ರೆಕ್ಕೆಯ ತುದಿಗೆ ಒಂದು ನಾಣ್ಯ ಅಂಟಿಸಬೇಕು. ವಿಮಾನಕ್ಕೆ ಸದಾ ದಾರ ಹರಿದು ಓಡಿಹೋಗುವ ಆಸೆ ಇರಬೇಕು, ದಾರ ಮಾತ್ರ ಹರಿಯಬಾರದು. ಮಕ್ಕಳನ್ನು ಬೆಳೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉಕ್ಕಿನ ತಂತಿಯನ್ನು ಬಳೇಪೇಟೆಯ ವಾದ್ಯದಂಗಡಿಯಲ್ಲಿ ಕೊಂಡೆವು. ವೀಣೆಗೋ ಸಿತಾರಿಗೋ ಎಂದು ಅಂಗಡಿಯವರು ಕೇಳಿದರು. ವಿಮಾನಕ್ಕೆ ಎಂದಾಗ ಅವರು ಗಂಭೀರವಾಗಿ ಒಂದು ಮೊಳ ಹೆಚ್ಚಾಗಿಯೇ ಕೊಟ್ಟರು. ಎಂಜಿನ್ ಮಾತ್ರ ಚಿಕ್ಕಪ್ಪನ ಸ್ನೇಹಿತರೊಬ್ಬರದು, ಎರವಲು. ಒಂದು ನಿಂಬೆಹಣ್ಣಿನಷ್ಟು ದೊಡ್ಡ ಡೀಸೆಲ್ ಎಂಜಿನ್ನು ಅದು. ಕಿಡಿಯಿಲ್ಲದೆ, ಬರಿಯ ಒತ್ತಡದಿಂದಲೇ ಉರಿಯುವ ಇಂಥ ಪುಟ್ಟ ಎಂಜಿನ್ನುಗಳು 1940ರ ದಶಕದ ಆದಿಯಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಬಂದವು. ಇದರ ಆಹಾರ ಈಥರು, ಸೀಮೆಎಣ್ಣೆ, ಹರಳೆಣ್ಣೆ, ಮೂರೂ ಹೆಚ್ಚುಕಡಿಮೆ ಸಮಭಾಗ. ಸೀಮೆಎಣ್ಣೆ ಉರಿಯಲು, ಈಥರು ಉರಿ ಹೊತ್ತಿಸಲು, ಹರಳೆಣ್ಣೆ ಜಾರಿಕೆಗೆ. ಮನೆಯಲ್ಲಿ ನಮ್ಮ ಹೊಟ್ಟೆ ತೊಳೆಯಲೆಂದು ಇಟ್ಟಿದ್ದ ಹರಳೆಣ್ಣೆಯ ಸೀಸೆ ಆ ವರ್ಷ ಬೇಗ ಬೇಗ ಬರಿದಾಯಿತು. ಮಕ್ಕಳು ಹೇಳದೆಯೇ ಹರಳೆಣ್ಣೆ ಕುಡಿಯುತ್ತಿದ್ದಾರೆಂದು ತಾಯಿ ಕೆಲವು ದಿನ ಸಂತೋಷಪಟ್ಟಿದ್ದರಂತೆ.

ಎಲ್ಲವೂ ಸಿದ್ಧವಾದ ಮೇಲೆ ಎದುರಾದದ್ದು ಜಾಗದ ಪ್ರಶ್ನೆ. 35 ಅಡಿ ತಂತಿ ಎಂದರೆ 70 ಅಡಿ ಅಡ್ಡಳತೆಯ ವೃತ್ತ. ಚಾಚಿದ ತೋಳು, ಆಚೆಯ ರೆಕ್ಕೆ, ನೋಡುವವರಿಗೆ ಅಪಾಯವಾಗದಷ್ಟು ಅಂತರ ಇವನ್ನೆಲ್ಲ ಸೇರಿಸಿದರೆ ಕನಿಷ್ಠ 100 ಅಡಿ. ಅದರ ಮೇಲಾಗಲಿ ಆಸುಪಾಸಿನಲ್ಲಾಗಲಿ ವಿದ್ಯುತ್ತಿನ ತಂತಿ ಇರಲೇಕೂಡದು. ನಮ್ಮ ಕೈಯಲ್ಲಿರುವುದೂ ಉಕ್ಕಿನ ತಂತಿಯೇ; ಮೇಲಿನ ತಂತಿಗೆ ಅದು ತಗುಲಿದರೆ ಆಟ ಅಲ್ಲಿಗೆ ಮುಗಿಯಿತು, ಆಡುವವನೂ ಮುಗಿದ. ರಾಜಾಜಿನಗರದ ಬೀದಿಗಳಲ್ಲಿ ಕಂಬಗಳು ಅದಾಗಲೇ ಸಾಲುಗಟ್ಟಿ ನಿಂತಿದ್ದವು. ಬಯಲೆಂದರೆ ಹೊಲಗಳೇ ಗತಿ. ಪಶ್ಚಿಮಕ್ಕೆ ಒಂದು ಮೈಲಿ ನಡೆದರೆ ಆಗ ಹೊಲಗಳೇ. ಕುರುಬರಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ತೆಂಕಲಿಗೆ ಮಾರೇನಹಳ್ಳಿ, ಅತ್ತಿಗುಪ್ಪೆ, ಇವೆಲ್ಲ ಹೆಸರಿಗೆ ತಕ್ಕಂತೆ ಹಳ್ಳಿಗಳಾಗಿಯೇ ಇದ್ದ ಕಾಲ. ಸುಗ್ಗಿ ಮುಗಿದು ಸಂಕ್ರಾಂತಿ ಕಳೆದಿತ್ತು.

ಆ ಹೊಲದ ಯಜಮಾನರು ಮುದುಕರು, ಹೆಗಲ ಮೇಲೆ ಟವಲು. ನಾವು ಬೇಡಿದ್ದನ್ನು ಕೇಳಿ ವಿಮಾನವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಹಾರ್‌ತದಾ?"

"ಹಾರುತ್ತೆ ಗೌಡ್ರೇ. ದಾರ ಹಿಡಿದು ನಡುವೆ ನಿಂತರೆ ಸುತ್ತಲೂ ಸುತ್ತುತ್ತೆ."

"ಹಂಗನ್ನಿ, ಮೇಟಿಗೆ ಕಟ್ಟಿದ ಎತ್ತು!" ಎಂದು ನಕ್ಕರು. "ಆಗ್ಲಿ ಹಾರಿಸ್ಕಳಿ. ಕಣದೊಳಕ್ಕೆ ಮಾತ್ರ ಎಕ್ಕಡ ಹಾಕ್ಕಂಡು ಕಾಲಿಡಬ್ಯಾಡಿ."

ಈಗಿನ ಓದುಗರಿಗೆ ಕಣವನ್ನು ವರ್ಣಿಸಬೇಕಾಗಿ ಬಂದಿದೆ. ಹೊಲದ ಎತ್ತರದ ಜಾಗವೊಂದನ್ನು ಹೆರೆದು, ನೀರು ಚಿಮುಕಿಸಿ, ಗಟ್ಟಿ ಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿಯೆಂಬ ಕಂಬ ನೆಡುತ್ತಿದ್ದರು. ಮೇಟಿಯ ಸುತ್ತ ಹರಡಿದ ತೆನೆಯ ಮೇಲೆ ಎತ್ತುಗಳು ಸುತ್ತು ಸುತ್ತು ತುಳಿದು ಕಾಳು ಬಿಡಿಸುತ್ತಿದ್ದವು. ತೂರುವುದಕ್ಕೆ ಗಾಳಿ ಬೇಕಾದ್ದರಿಂದ ಸುತ್ತ ಮರವಾಗಲಿ ಮನೆಯಾಗಲಿ ಇರುತ್ತಿರಲಿಲ್ಲ. ಸಮವಾದ ನೆಲ, ಬಯಲಾದ ಆಕಾಶ. ಮುಂದೆ ವಿಕ್ಟರ್ ತಾತೆನ್ನನ ಹಲಗೆಯ ವೃತ್ತದ ವಿಷಯ ಓದಿದಾಗ ನನಗೆ ಮೊದಲು ನೆನಪಾದದ್ದು ಈ ಕಣ. ಆ ಫ್ರೆಂಚನು ಖರ್ಚು ಮಾಡಿ ಕಟ್ಟಿಸಿಕೊಂಡದ್ದು ನಮ್ಮಲ್ಲಿ ಪ್ರತಿ ಹೊಲದಲ್ಲಿಯೂ ವರ್ಷಕ್ಕೊಂದು ಸಲ ತಾನಾಗಿ ತಯಾರಾಗುತ್ತಿತ್ತು. ನಮ್ಮ ವಿಮಾನದ ವೃತ್ತ ಕಣಕ್ಕಿಂತ ದೊಡ್ಡದು. ಆದ್ದರಿಂದ ನಾನು ಕಣದ ಹೊರಗೆ, ರಾಗಿಯ ಕೂಳೆಯ ಮೇಲೆ ನಿಂತೆ. ಕಣದ ಒಂದು ಮಗ್ಗುಲು ನಮಗೆ ರನ್‌ವೇ ಆಯಿತು.

ಚಿಕ್ಕಪ್ಪ ಬರಿಗಾಲಿನಲ್ಲಿ ಕಣದಲ್ಲಿ ಕುಳಿತು ಪ್ರೊಪೆಲ್ಲರನ್ನು ಬೆರಳಿನಿಂದ ತಿರುವಿದರು. ಎಂಜಿನ್ನು ಎರಡು ಸಲ ಹಿಮ್ಮೊಗವಾಗಿ ಒದ್ದು ಬೆರಳಿನ ಗೆಣ್ಣು ಕೆಂಪಾಗಿಸಿತು. ಮೂರನೆಯ ಸಲ ಹತ್ತಿಕೊಂಡು ಚೀರತೊಡಗಿತು. ಅವರು ಕೈ ಬಿಟ್ಟರು. ವಿಮಾನ ಹತ್ತು ಹದಿನೈದು ಅಡಿ ಓಡಿತು. ಚಕ್ರದ ಸದ್ದು ನಿಂತಿತು. ಅದೇ ಕ್ಷಣ ನನ್ನ ಕೈಯಲ್ಲಿ ಎಳೆತ ಹುಟ್ಟಿತು. ಆ ಎಳೆತವನ್ನು ಹೇಗೆ ವರ್ಣಿಸಲಿ? ಮೀನು ಕಚ್ಚಿದ ಗಾಳದ ಹಾಗೆ, ಜಾತ್ರೆಯಲ್ಲಿ ಕೈ ಕೊಸರುವ ಮಗುವಿನ ಹಾಗೆ. ಒಂದು ಸುತ್ತಿಗೆ ಮೂರೂವರೆ ಸೆಕೆಂಡು. ನಾಲ್ಕನೆಯ ಸುತ್ತಿಗೆ ಹೊಲ, ಹಳ್ಳಿ, ದೂರದ ಗಿರಣಿಯ ಹೊಗೆಗೊಳವೆ ಎಲ್ಲವೂ ಕಲಸಿಕೊಂಡು ಹೋದವು. "ವಿಮಾನ ಒಂದನ್ನೇ ನೋಡೋ!" ಎಂದು ಚಿಕ್ಕಪ್ಪ ಕೂಗಿದರು. ನೋಡಿದೆ. ಪ್ರಪಂಚವೆಲ್ಲ ತಿರುಗುತ್ತಿರುವಾಗ ವಿಮಾನ ಒಂದೇ ನನ್ನೆದುರು ಸ್ಥಿರವಾಗಿ ನಿಂತಿತ್ತು. ಎಣ್ಣೆ ತೀರುವವರೆಗೆ ಮೂರು ನಿಮಿಷ, ಐವತ್ತು ಪ್ರದಕ್ಷಿಣೆ. ಇಳಿಯುವಾಗ ಕೂಳೆಗೆ ಸಿಕ್ಕಿ ಮೊಗಚಿ ಬಾಲ ಮುರಿಯಿತು. ನಾನೂ ತಲೆ ತಿರುಗಿ ಅದರ ಪಕ್ಕದಲ್ಲಿಯೇ ಬಿದ್ದೆ. ಗೌಡರು ಮೊದಲು ವಿಮಾನವನ್ನು ಎತ್ತಿದರು, ಆಮೇಲೆ ನನ್ನನ್ನು.

ಮುಂದಿನ ಎರಡು ವರ್ಷವೂ ಸುಗ್ಗಿಯ ನಂತರ ಅಲ್ಲಿ ಹಾರಿಸಿದೆವು. ಮೂರನೆಯ ವರ್ಷ ಹೋದಾಗ ಹೊಲದಲ್ಲಿ ಸಾಲಾಗಿ ಕಲ್ಲು ನೆಟ್ಟಿದ್ದರು. ಕಣ ಮಾಡಿರಲಿಲ್ಲ.

ಊರು ಬೆಳೆಯಬಾರದೆಂದು ನಾನು ಹೇಳುತ್ತಿಲ್ಲ. 1945ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಬಿ.ಡಿ.ಎ. ಇವು ಹಂಚಿದ ನಿವೇಶನಗಳಲ್ಲಿಯೇ ನಮ್ಮಂಥವರು ಮನೆ ಕಟ್ಟಿಕೊಂಡದ್ದು. ಇಂದು ನಾನು ಬಸವೇಶ್ವರನಗರದಲ್ಲಿ ವಾಸಿಸುವ ಮನೆಯೂ ಯಾರದೋ ರಾಗಿಯ ಹೊಲವೇ. ಆ ಕಣ ಇದ್ದದ್ದು ನನ್ನ ಅಡಿಗೆಮನೆಯ ಕೆಳಗೇ ಇದ್ದರೂ ಇರಬಹುದು. ವಿಜಯನಗರ ಬಂತು, ನಾಗರಭಾವಿ ತುಂಬಿತು, 2021ರಲ್ಲಿ ಮೆಟ್ರೋ ರೈಲು ಕೆಂಗೇರಿಗೆ ಮುಟ್ಟಿತು. ಇದೆಲ್ಲ ಬೇಕಾದದ್ದೇ. ಆದರೆ ಲೆಕ್ಕವೊಂದನ್ನು ಓದುಗರ ಮುಂದೆ ಇಡುತ್ತೇನೆ. ನೂರಡಿಗೆ ನೂರಡಿ ಬಯಲೆಂದರೆ ಹತ್ತು ಸಾವಿರ ಚದರಡಿ. ಬೆಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ, ಮೂವತ್ತು-ನಲವತ್ತರ ಎಂಟು ನಿವೇಶನ ಮತ್ತು ಸ್ವಲ್ಪ ಚಿಲ್ಲರೆ. ಸ್ಪರ್ಧೆಯ ಕಸರತ್ತಿನ ವಿಮಾನಕ್ಕೆ 21.5 ಮೀಟರಿನವರೆಗೂ ತಂತಿ ಇರುತ್ತದೆ. ಅದಕ್ಕೆ ಇನ್ನೂ ಹೆಚ್ಚು ಬೇಕು. ಅಷ್ಟು ದೊಡ್ಡ ಮೈದಾನಗಳು ಪಶ್ಚಿಮದಲ್ಲಿ ಇಲ್ಲವೆಂದಲ್ಲ. ಇರುವುದರಲ್ಲಿ ಬೆಳಿಗ್ಗೆ ಆರಕ್ಕೇ ನಾಲ್ಕು ಕ್ರಿಕೆಟ್ ಪಂದ್ಯಗಳು ಒಂದರೊಳಗೊಂದು ಹೆಣೆದುಕೊಂಡು ನಡೆಯುತ್ತಿರುತ್ತವೆ. ಉದ್ಯಾನಗಳಲ್ಲಿ ದೀಪದ ಕಂಬಗಳು, ನಡೆಯುವ ಹಿರಿಯರು, ಹುಲ್ಲು ತುಳಿಯಬಾರದೆಂಬ ಫಲಕಗಳು. ಬಾಲ್ಸಾ ಇಂದು ಮನೆ ಬಾಗಿಲಿಗೆ ಬರುತ್ತದೆ. ಬಟ್ಟಲಿನಲ್ಲಿ ಹಿಡಿಯುವ ವಿದ್ಯುತ್ ಮೋಟಾರು, ಬ್ಯಾಟರಿ, ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಗಡಿಯಾರ ಎಲ್ಲ ದೊರೆಯುತ್ತವೆ. ನಮಗೆ ದುರ್ಲಭವಾಗಿದ್ದುದೆಲ್ಲ ನಮ್ಮ ಮೊಮ್ಮಕ್ಕಳಿಗೆ ಸುಲಭ. ನಮಗೆ ಬಿಟ್ಟಿ ಸಿಕ್ಕ ಆ ಒಂದು ವೃತ್ತ ಮಾತ್ರ ಅವರಿಗಿಲ್ಲ.

ಕೈಯಲ್ಲಿ ಮೊಬೈಲಿನ ಪರದೆಯಿದೆ, ಅದರಲ್ಲಿ ಎಂಥ ವಿಮಾನವನ್ನಾದರೂ ಹಾರಿಸಬಹುದಲ್ಲ ಎಂದು ನನ್ನ ಗೆಳೆಯರೊಬ್ಬರು ಹೇಳಿದರು. ಹಾರಿಸಬಹುದು. ಪರದೆಯ ವಿಮಾನ ಬಿದ್ದರೆ ಬಾಲ ಮುರಿಯುವುದಿಲ್ಲ, ಅದನ್ನು ಶೆಟ್ಟರ ತಕ್ಕಡಿಯಲ್ಲಿ ತೂಗಲೂ ಆಗುವುದಿಲ್ಲ. ಎಂಟು ನಿವೇಶನದಷ್ಟು ಬಯಲನ್ನು ಒಂದೊಂದು ವಾರ್ಡಿನಲ್ಲಿ, ಮೇಲೆ ತಂತಿ ಎಳೆಯದೆ, ನಡುವೆ ಕಾರಂಜಿ ಕಟ್ಟದೆ, ಹಾಗೆಯೇ ಬಿಡುವುದು ನಗರದ ಆಡಳಿತಕ್ಕೆ ಆಗದ ಕೆಲಸವೇನಲ್ಲ. ವಿಮಾನದವರು ಬಾರದ ದಿನ ಅಲ್ಲಿ ಬುಗುರಿ ಆಡಲಿ, ಆಷಾಢದಲ್ಲಿ ಗಾಳಿಪಟ ಬಿಡಲಿ.

ಕಳೆದ ಫೆಬ್ರವರಿಯಲ್ಲಿ ಮೊಮ್ಮಗನ ವಿಮಾನ ಸಿದ್ಧವಾಯಿತು. ಬ್ಯಾಟರಿಯೂ ಸೇರಿ 180 ಗ್ರಾಂ; ಅಡಿಗೆಮನೆಯ ತಕ್ಕಡಿಯಲ್ಲಿ ಅವನೇ ಮೂರು ಸಲ ತೂಗಿ ಗೋಡೆಯ ಮೇಲೆ ಬರೆದಿಟ್ಟ. ಜಾಗ ಹುಡುಕುತ್ತ ಮೆಟ್ರೋದಲ್ಲಿ ಕೆಂಗೇರಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು, ಇನ್ನೂ ಮನೆಗಳೇಳದ ಹೊಸ ಬಡಾವಣೆಯೊಂದನ್ನು ಕಂಡೆವು. ಕಂಬಗಳು ಬಂದಿರಲಿಲ್ಲ. ಮೂವತ್ತು-ನಲವತ್ತರ ಕಲ್ಲುಗಳು ಮಾತ್ರ ನೆಟ್ಟಿದ್ದವು. ಹುಡುಗ ಕಲ್ಲುಗಳ ನಡುವೆ ನಿಂತು ಕೈಹಿಡಿಯನ್ನು ಸರಿಮಾಡಿಕೊಂಡ. ನಾನು ಹೊಸ ಡಾಂಬರು ರಸ್ತೆಯ ಅಂಚಿನಲ್ಲಿ ವಿಮಾನವನ್ನು ಹಿಡಿದು ಕುಳಿತೆ. ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟಿದ್ದೆ.

ಅಷ್ಟರಲ್ಲಿ ಬಡಾವಣೆಯ ಕಾವಲುಗಾರ ಬಂದ. ನನ್ನನ್ನೂ ಹುಡುಗನನ್ನೂ ತಂತಿಯನ್ನೂ ನೋಡಿ, ಅಳತೆ ಮಾಡಲು ಬಂದವರೆಂದು ತಿಳಿದನೋ ಏನೋ, "ಇದರಲ್ಲಿ ನಿಮ್ಮ ಸೈಟು ಯಾವುದು ಸಾರ್?" ಎಂದು ಕೇಳಿದ.

"ಎಂಟೂ ನಮ್ಮವೇ ಕಣಪ್ಪ," ಎಂದೆ. "ಇನ್ನೊಂದು ಐದು ನಿಮಿಷ."